ಹತ್ತಿ ಎಲೆಯ ಕಂಬಳಿ

ಶಿರಾ ಹತ್ತಿರದ ಹಳ್ಳಿಯಲ್ಲಿ ನಮ್ಮ ಸೋದರತ್ತೆ ದೀಪದ ಬತ್ತಿಗೆ ಅಂತ ಹಿತ್ತಲಲ್ಲಿ ನಾಲ್ಕು ಹತ್ತಿ ಗಿಡ ಬೆಳೆಸಿದ್ದಾರೆ. ಹೋದ ವರ್ಷ ಅದರಲ್ಲಿ ಎರಡು ಗಿಡದ ಎಲೆಗಳ ಅಂಚು ಹಳದಿಯಾಗಿ, ಮುದುಡಿ, ಆಮೇಲೆ ಸುಟ್ಟ ಹಾಗೆ ಕೆಂಪಾದವು. "ಯಾರದೋ ಕಣ್ಣು ಬಿತ್ತು ಕಣಪ್ಪಾ" ಅಂದರು ಅತ್ತೆ. ಬೇಲಿಯ ಗೂಟಕ್ಕೆ ಸುಣ್ಣದ ಬೊಟ್ಟಿನ ಮಡಕೆ ಆಗಲೇ ಏರಿತ್ತು.

ಎಲೆ ಮಗುಚಿ ತೋರಿಸಿದೆ. ಅಕ್ಕಿನುಚ್ಚಿಗಿಂತ ದೊಡ್ಡದಲ್ಲದ ಹಸಿರು ಹುಳುಗಳು ಅಡ್ಡಡ್ಡ ಓಡಿದವು. ಜಿಗಿಹುಳು! ಪಕ್ಕದ ಎರಡು ಗಿಡ ಮಾತ್ರ ಚೆನ್ನಾಗಿದ್ದವು. ಅವುಗಳ ಎಲೆಯ ಅಡಿ ಮುಟ್ಟಿದರೆ ಎಳೆ ಕರುವಿನ ಕಿವಿಯ ಹಾಗೆ ಕೂದಲು ಕೂದಲು. ಸೊರಗಿದ ಗಿಡದ್ದು ವೀಳ್ಯದೆಲೆಯಂತೆ ನುಣುಪು.

ಗುಟ್ಟೆಲ್ಲಾ ಆ ಕೂದಲಲ್ಲೇ ಇದೆ. ಜಿಗಿಹುಳುವಿನ ಬಾಯಿ ಸೂಜಿಯ ಹಾಗಿರುತ್ತದೆ, ಅದನ್ನು ಚುಚ್ಚಿ ರಸ ಹೀರುತ್ತದೆ. ಮೊಟ್ಟೆಯನ್ನೂ ಎಲೆಯ ನರದೊಳಗೇ ತೂರಿಸುತ್ತದೆ. ಕೂದಲೆಲೆಯ ಮೇಲೆ ಕೂತರೆ, ಕುರಿ ಕಂಬಳಿ ಹೊದ್ದವರನ್ನು ಸೊಳ್ಳೆ ಕಚ್ಚಲು ಹೋದ ಹಾಗೆ ಅದರ ಪಾಡು. ಕೂದಲು ಉದ್ದವಾಗಿಯೂ ಇರಬೇಕು, ಒತ್ತಾಗಿಯೂ ಇರಬೇಕು. ಬೇಲಿಯ ಮುಳ್ಳು ಎತ್ತರವಿದ್ದರೂ ಸಂದು ಬಿಟ್ಟರೆ ಮೇಕೆ ನುಗ್ಗುತ್ತದಲ್ಲ, ಹಾಗೆ.

1920ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಬಾರ್ಬರ್ಟನ್‌ನಲ್ಲಿ ಪಾರ್ನೆಲ್ ಎಂಬ ವಿಜ್ಞಾನಿ ಹಿಡಿದದ್ದು ಇದೇ ದಾರಿ. ಹುಳು ಬಿದ್ದ ಹೊಲದಲ್ಲೂ ನಿಂತ ಗಿಡಗಳನ್ನು ಆರಿಸಿ ಬೀಜ ಮಾಡಿದರು. ನಮ್ಮವರು ರಾಗಿಯಲ್ಲಿ ಬೀಜದ ತೆನೆ ಆರಿಸುವ ಹಾಗೆಯೇ. ಯು-4 ಎಂಬ ಕೂದಲೆಲೆಯ ತಳಿ ಹೀಗೆ ಬಂತು.

ಹಾಗಂತ ಕೂದಲು ಜಾಸ್ತಿ ಮಾಡುತ್ತಾ ಹೋಗುವಂತಿಲ್ಲ. ಕೂದಲೆಲೆ ಬಿಳಿನೊಣಕ್ಕೆ ಇಷ್ಟ. ಕಾಯಿಕೊರಕದ ಪತಂಗವೂ ಅಲ್ಲೇ ಜಾಸ್ತಿ ಮೊಟ್ಟೆ ಇಡುತ್ತದೆ. ತಳಿ ಮಾಡುವವರಿಗೆ ದೊಡ್ಡ ತಲೆನೋವು ಇದೇ.

ಹತ್ತಿಗೆ ಇನ್ನೊಂದು ಆಯುಧವೂ ಉಂಟು. ಎಲೆಯನ್ನು ಬಿಸಿಲಿಗೆ ಹಿಡಿಯಿರಿ, ಕಪ್ಪು ಚುಕ್ಕೆಗಳು ಕಾಣುತ್ತವೆ. ಒಂದೊಂದೂ ಗಾಸಿಪಾಲ್ ಎಂಬ ವಿಷದ ಪುಟ್ಟ ಗಡಿಗೆ. ಈ ವಿಷವಿಲ್ಲದ ಹತ್ತಿಬೀಜ ಮನುಷ್ಯರಿಗೂ ಕೋಳಿಗೂ ಆಹಾರವಾಗಲಿ ಅಂತ 1950ರ ದಶಕದಲ್ಲಿ ಅಮೆರಿಕದವರು ಚುಕ್ಕೆಯಿಲ್ಲದ ಹತ್ತಿ ಬೆಳೆಸಲು ಹೊರಟರು. ಅದುವರೆಗೆ ಹತ್ತಿಯ ತಂಟೆಗೆ ಬಾರದಿದ್ದ ಹುಳುಗಳೂ ಬಂದು ಮೇಯ್ದವು!

ಹುಳುವಿಗೆ ಬಿಟಿ, ಅಂದರೆ ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ, ಒಂದೇ ಮದ್ದು ಅಂದುಕೊಂಡವರು ಬಹಳ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿ ಕಾಯಿಕೊರಕಗಳಿಗೆ ಮಾಡಿದ್ದು. ಜಿಗಿಹುಳುವಿಗೆ ಅದು ತಾಗುವುದೇ ಇಲ್ಲ. ಅಲ್ಲಿ ಇವತ್ತಿಗೂ ಕೂದಲೇ ಬೇಕು.

ಅತ್ತೆ ಈ ಸಲ ಕೂದಲೆಲೆಯ ಗಿಡದ ಬೀಜವನ್ನಷ್ಟೇ ಬೂದಿ ಬೆರೆಸಿ ಎತ್ತಿಟ್ಟಿದ್ದಾರೆ. ಜೇನ್ನೊಣ ನುಣುಪು ಗಿಡದ ಪರಾಗವನ್ನೂ ತಂದಿರಬಹುದು. ಅದಕ್ಕೆ, ಸಸಿ ದೊಡ್ಡವಾದ ಮೇಲೆ ಒಂದೊಂದರ ಎಲೆಯನ್ನೂ ಬೆರಳಿಟ್ಟು ನೋಡಬೇಕು ಅಂತ ಹೇಳಿ ಬಂದಿದ್ದೇನೆ.