ದುಬಾರಿ ಗಾಲ್ಫ್ ಚೆಂಡು ಭಾನುವಾರದ ಆಟಗಾರನಿಗೆ ಬೇಕಾ?

2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಹೆಸರು ರಾಜ್ಯಕ್ಕೆಲ್ಲ ಗೊತ್ತಾಯಿತು. ಜಾಧವ ನಗರದಲ್ಲಿ ಚಿರತೆ ಕಾಣಿಸಿಕೊಂಡಿತ್ತು. ಆಮೇಲೆ ಗಾಲ್ಫ್ ಮೈದಾನದ ಪೊದೆಗಳ ನಡುವೆ ಕಂಡಿತು. ಸುತ್ತಮುತ್ತಲ ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಟ್ಟರು. ಹುಡುಕಾಟಕ್ಕೆ ಸಕ್ರೆಬೈಲಿನಿಂದ ಆನೆಗಳನ್ನೂ ಕರೆಸಿದರು. ಊರಿನ ಎಷ್ಟೋ ಜನರಿಗೆ ಅಲ್ಲಿ ಇಷ್ಟು ದೊಡ್ಡ ಹಸಿರು ಜಾಗ ಇದೆ ಅಂತ ತಿಳಿದದ್ದೇ ಆಗ.

ಗಾಲ್ಫ್ ಆಡುವವರಿಗೆ ಪೊದೆಗಳ ಚಿಂತೆ ದಿನವೂ ಇದ್ದದ್ದೇ. 'ಆ ಕಡೆ ಪೊದ್ಯಾಗ ಹೋತ್ರಿ ಸಾಹೇಬ್ರ' ಅಂತ ಕೋಲಿನ ಚೀಲ ಹೊರುವ ಕ್ಯಾಡಿ ಹುಡುಗ ಕೂಗಿದರೆ ಒಂದು ಚೆಂಡು ಹೋದಂತೆಯೇ. ಒಳ್ಳೆಯ ಕಂಪನಿಯ ಒಂದು ಡಜನ್ ಚೆಂಡಿಗೆ ಇವತ್ತು ಸಾವಿರಗಟ್ಟಲೆ ರೂಪಾಯಿ. ಅದಕ್ಕೇ ವಾರಕ್ಕೊಮ್ಮೆ ಆಡುವ ಡಾಕ್ಟರು, ವ್ಯಾಪಾರಿ, ನಿವೃತ್ತ ಅಧಿಕಾರಿಗಳ ನಡುವೆ ಈ ಮಾತು ಮತ್ತೆ ಮತ್ತೆ ಬರುತ್ತದೆ. ದೊಡ್ಡ ಆಟಗಾರರು ಆಡುವ ಚೆಂಡನ್ನೇ ನಾವೂ ಕೊಳ್ಳಬೇಕಾ? ನಮ್ಮ ಆಟಕ್ಕೆ ಅದರಿಂದ ಏನಾದರೂ ಆಗುತ್ತದಾ?

ಈ ಪ್ರಶ್ನೆಗೆ ಇನ್ನೂ 30 ವರ್ಷವೂ ಆಗಿಲ್ಲ. ಗಾಲ್ಫ್ ಆಟಕ್ಕೆ 500 ವರ್ಷಕ್ಕೂ ಜಾಸ್ತಿ ವಯಸ್ಸು. ಅದರಲ್ಲಿ ಬಹುಪಾಲು ಕಾಲ ಸಾಮಾನ್ಯ ಆಟಗಾರ ಚೆಂಡಿನಿಂದ ಬಯಸಿದ್ದು ಎರಡೇ ಸಂಗತಿ. ಅದು ಒಡೆಯಬಾರದು, ಕೈಗೆಟುಕುವ ಬೆಲೆಯಲ್ಲಿ ಸಿಗಬೇಕು. ಹಾಗಾಗಿ ಉತ್ತರ ಹುಡುಕುವ ಮೊದಲು ಚೆಂಡು ಬೆಳೆದು ಬಂದ ದಾರಿಯನ್ನು ನೋಡುವುದು ಒಳ್ಳೆಯದು.

ಬ್ರಿಟನ್ನಿನ ಹೊರಗೆ ಹುಟ್ಟಿದ ಅತಿ ಹಳೆಯ ಗಾಲ್ಫ್ ಕ್ಲಬ್ಬು ನಮ್ಮ ದೇಶದ್ದೇ, 1829ರ ಕಲ್ಕತ್ತಾ ಕ್ಲಬ್ಬು. ಆ ಕಾಲದ ಚೆಂಡಿನ ಒಳಗೆ ಇದ್ದದ್ದು ಹಕ್ಕಿಯ ಪುಕ್ಕ. ಚರ್ಮದ ತುಂಡುಗಳನ್ನು ಹೊಲಿದು ಸಣ್ಣ ಚೀಲ ಮಾಡುತ್ತಿದ್ದರು. ಒಂದು ಟೋಪಿ ತುಂಬುವಷ್ಟು ಪುಕ್ಕವನ್ನು ಬೇಯಿಸಿ, ಮೆತ್ತಗೆ ಮಾಡಿ, ಕಬ್ಬಿಣದ ಸಲಾಕೆಯಿಂದ ಅದರೊಳಗೆ ತುರುಕುತ್ತಿದ್ದರು. ಒಣಗುವಾಗ ಪುಕ್ಕ ಹಿಗ್ಗುತ್ತದೆ, ಚರ್ಮ ಕುಗ್ಗುತ್ತದೆ. ಹಾಗೆ ಚೆಂಡು ಗಟ್ಟಿಯಾಗುತ್ತಿತ್ತು. ನುರಿತ ಕೆಲಸಗಾರನೂ ದಿನಕ್ಕೆ ಮೂರು ನಾಲ್ಕು ಚೆಂಡು ಮಾಡಿದರೆ ಹೆಚ್ಚು. ಬೆಲೆಯೂ ಹಾಗೆಯೇ ಇತ್ತು. ಎಷ್ಟೋ ಸಲ ಕೋಲಿಗಿಂತ ಚೆಂಡೇ ದುಬಾರಿ. ಮಳೆಯಲ್ಲಿ ನೆನೆದರೆ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಬೆಳಗಾವಿಯ ಜುಲೈ ತಿಂಗಳಲ್ಲಿ ಅಂಥ ಚೆಂಡು ಒಂದು ಸುತ್ತು ಕೂಡ ಬಾಳುತ್ತಿರಲಿಲ್ಲ.

1848ರ ಹೊತ್ತಿಗೆ ಗಟಾಪರ್ಚ ಬಂತು. ಅದು ಮಲಯ ಸೀಮೆಯ ಒಂದು ಮರದ ಹಾಲು. ಬಿಸಿನೀರಲ್ಲಿ ಹಾಕಿದರೆ ಮೆತ್ತಗಾಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಸ್ಕಾಟ್ಲೆಂಡಿನ ರಾಬರ್ಟ್ ಪ್ಯಾಟರ್ಸನ್ ಅದರಿಂದ ಮೊದಲ ಚೆಂಡು ಮಾಡಿದರು ಅನ್ನುತ್ತಾರೆ. ಪೂರ್ವ ದೇಶಗಳಿಂದ ಅವರ ಮನೆಗೆ ವಿಷ್ಣುವಿನ ಒಂದು ಮೂರ್ತಿ ಬಂದಿತ್ತಂತೆ. ದಾರಿಯಲ್ಲಿ ಒಡೆಯದಿರಲಿ ಅಂತ ಸುತ್ತ ತುಂಬಿದ್ದ ಗಟಾಪರ್ಚ ಚೂರುಗಳೇ ಮೊದಲ ಚೆಂಡಾದವು ಅಂತ ಗಾಲ್ಫ್ ಲೋಕದಲ್ಲಿ ಒಂದು ಕತೆ ಇದೆ.

ಪುಕ್ಕದ ಚೆಂಡು ಮಾಡುವವರ ಹೊಟ್ಟೆಗೆ ಇದು ಪೆಟ್ಟು ಕೊಟ್ಟಿತು. ಸೇಂಟ್ ಆ್ಯಂಡ್ರೂಸ್‌ನ ಆಲನ್ ರಾಬರ್ಟ್‌ಸನ್ ಆ ಕಾಲದ ಅತಿ ದೊಡ್ಡ ಆಟಗಾರ. ಪುಕ್ಕದ ಚೆಂಡು ಮಾಡಿ ಮಾರುವುದು ಅವನ ಕಸುಬು. ಅವನ ಕೈಕೆಳಗೆ ಕೆಲಸ ಕಲಿತ ಟಾಮ್ ಮಾರಿಸ್ ಒಂದು ದಿನ ಹೊಸ ಚೆಂಡಿನಲ್ಲಿ ಆಡಿದ್ದನ್ನು ರಾಬರ್ಟ್‌ಸನ್ ಕಂಡ. ಇಬ್ಬರಿಗೂ ಜಗಳವಾಯಿತು. ಮಾರಿಸ್ ಬೇರೆಯಾಗಿ 1851ರಲ್ಲಿ ಪ್ರೆಸ್ಟ್‌ವಿಕ್‌ಗೆ ಹೋದ. ಆದರೆ ಬೆಲೆಯ ಮುಂದೆ ಯಾರ ಸಿಟ್ಟೂ ನಡೆಯಲಿಲ್ಲ. ಹೊಸ ಚೆಂಡು ಒಂದು ಶಿಲ್ಲಿಂಗ್ ಆಸುಪಾಸಿನಲ್ಲಿ ಸಿಗುತ್ತಿತ್ತು, ಪುಕ್ಕದ್ದಕ್ಕೆ ಅದರ ಹಲವು ಪಟ್ಟು. ಒಡೆದ ಗಟಾಪರ್ಚ ಚೆಂಡನ್ನು ಕರಗಿಸಿ ಮತ್ತೆ ಉರುಟು ಮಾಡಬಹುದಿತ್ತು. ಬಡಗಿ, ನೇಕಾರ, ಮೀನುಗಾರ ಕೂಡ ಆಡಲು ಬಂದರು. ಚೆಂಡಿನ ಇಡೀ ಚರಿತ್ರೆಯಲ್ಲಿ ಸಾಮಾನ್ಯ ಆಟಗಾರನಿಗೆ ಇಷ್ಟು ಉಪಕಾರ ಮಾಡಿದ ಬದಲಾವಣೆ ಇನ್ನೊಂದಿಲ್ಲ ಅಂತ ನಾನು ನಂಬುತ್ತೇನೆ.

ಚೆಂಡಿನ ಮೇಲಿನ ಗುಳಿಗಳೂ ಈ ದಾರಿಯಲ್ಲೇ ಬಂದವು. ಹೊಚ್ಚ ಹೊಸ ನುಣುಪಾದ ಚೆಂಡು ಗಾಳಿಯಲ್ಲಿ ಬೇಗ ಮುಗ್ಗರಿಸಿ ಬೀಳುತ್ತಿತ್ತು. ಏಟು ತಿಂದು ಗೀರು ಬಿದ್ದ ಹಳೆಯದು ಚೆನ್ನಾಗಿ ಹಾರುತ್ತಿತ್ತು. ಆಟಗಾರರು ಇದನ್ನು ಗಮನಿಸಿದರು. ಆಮೇಲೆ ಮಾಡುವವರೇ ಸುತ್ತಿಗೆಯಿಂದ ಗೀರು ಹಾಕಿ ಮಾರತೊಡಗಿದರು. 1905ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಒಳಗುಳಿಗಳ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಇವತ್ತಿನ ಚೆಂಡಿನ ಮೇಲೆ 300ರಿಂದ 400 ಗುಳಿ ಇರುತ್ತವೆ. ಗುಳಿಗಳಿದ್ದರೆ ಮೇಲ್ಮೈಗೆ ಅಂಟಿದ ಗಾಳಿಯ ತೆಳು ಪದರ ಕದಡುತ್ತದೆ. ಕದಡಿದ ಗಾಳಿ ಚೆಂಡಿನ ಹಿಂಬದಿಯ ತನಕ ತಬ್ಬಿಕೊಂಡು ಹೋಗುತ್ತದೆ. ಹಿಂದೆ ಉಳಿಯುವ ಸುಳಿ ಚಿಕ್ಕದಾಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಗುಳಿಯಿಲ್ಲದ ನುಣುಪು ಚೆಂಡು ಇದರ ಸುಮಾರು ಅರ್ಧ ದೂರವಷ್ಟೇ ಹೋಗುತ್ತದೆ.

ಸ್ಪಿನ್, ಅಂದರೆ ಚೆಂಡು ತನ್ನ ಸುತ್ತ ತಿರುಗುವುದು, ಯಾಕೆ ಮುಖ್ಯ ಅನ್ನುವುದನ್ನು 1890ರ ದಶಕದಲ್ಲಿ ವಿವರಿಸಿದವರು ಎಡಿನ್‌ಬರೊದ ಪ್ರೊಫೆಸರ್ ಪೀಟರ್ ಟೇಟ್. ಅವರ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್. ಹಿಮ್ಮುಖವಾಗಿ ತಿರುಗುವ ಚೆಂಡಿಗೆ ಗಾಳಿ ಮೇಲೆತ್ತುವ ಬಲ ಕೊಡುತ್ತದೆ, ಅದರಿಂದಲೇ ಅದು ಅಷ್ಟು ಹೊತ್ತು ಗಾಳಿಯಲ್ಲಿರುತ್ತದೆ ಎಂದು ಅಪ್ಪ ತೋರಿಸಿದರು. ಇವತ್ತು ಪೆಟ್ಟಿಗೆ ಮೇಲೆ ದೊಡ್ಡಕ್ಷರದಲ್ಲಿ ಬರೆದಿರುವ ಸ್ಪಿನ್ನಿನ ಮಾತಿಗೆಲ್ಲ ಬೇರು ಅಲ್ಲಿದೆ.

ಮುಂದಿನ ತಿರುವು ಅಮೆರಿಕದ್ದು. 1898ರಲ್ಲಿ ಒಹಾಯೊದ ಆಕ್ರನ್ ಊರಿನಲ್ಲಿ ಕೋಬರ್ನ್ ಹ್ಯಾಸ್ಕೆಲ್ ರಬ್ಬರ್ ದಾರವನ್ನು ಬಿಗಿಯಾಗಿ ಎಳೆದು, ನೂಲಿನ ಉಂಡೆಯಂತೆ ಸುತ್ತಿ ಚೆಂಡು ಮಾಡುವ ದಾರಿ ಕಂಡುಕೊಂಡರು. 1901ರಲ್ಲಿ ವಾಲ್ಟರ್ ಟ್ರಾವಿಸ್ ಈ ಚೆಂಡಿನಲ್ಲಿ ಅಮೆರಿಕದ ಅಮೆಚೂರ್ ಪಟ್ಟ ಗೆದ್ದರು. ಮರುವರ್ಷ ಸ್ಯಾಂಡಿ ಹರ್ಡ್ ಬ್ರಿಟಿಷ್ ಓಪನ್ ಗೆದ್ದರು. ಗಟಾಪರ್ಚ ಕಾಲ ಮುಗಿಯಿತು. ನಡುವೆ ಅಳತೆಯ ತಕರಾರೂ ನಡೆಯಿತು. ಅಮೆರಿಕದವರು 1.68 ಇಂಚಿನ ಚೆಂಡು ಅಂದರು, ಬ್ರಿಟನ್ನಿನವರು 1.62 ಇಂಚಿನದು. ಚಿಕ್ಕ ಚೆಂಡು ಪೂರ್ತಿ ಮರೆಯಾದದ್ದು 1990ರಲ್ಲಿ. ಈಗ ಎಲ್ಲ ಕಡೆ ಒಂದೇ ಅಳತೆ: ಅಡ್ಡಳತೆ 42.67 ಮಿಲಿಮೀಟರ್‌ಗಿಂತ ಕಮ್ಮಿ ಇರಬಾರದು, ತೂಕ 45.93 ಗ್ರಾಂ ಮೀರಬಾರದು.

ಸುತ್ತಿದ ಚೆಂಡಿಗೆ ಬಲಾಟಾ ಅನ್ನುವ ಮೆತ್ತನೆಯ ಹೊದಿಕೆ ಇರುತ್ತಿತ್ತು. ದೊಡ್ಡ ಆಟಗಾರರಿಗೆ ಅದು ಪ್ರಾಣ. ಹತ್ತಿರದ ಹೊಡೆತಕ್ಕೆ ಬಳಸುವ ವೆಡ್ಜ್ ಕೋಲಿನ ಗೆರೆಗಳು ಅದನ್ನು ಕಚ್ಚಿ ಹಿಡಿಯುತ್ತಿದ್ದವು. ಚೆಂಡು ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತ ಹುಲ್ಲು ಸಣ್ಣಗೆ ಕತ್ತರಿಸಿದ ಜಾಗದಲ್ಲಿ, ಬಿದ್ದು ಅಲ್ಲೇ ನಿಲ್ಲುತ್ತಿತ್ತು. ನಮ್ಮಂಥವರಿಗೆ ಅದೇ ಶಾಪ. ಐರನ್ ಅನ್ನುವ ಲೋಹದ ತಲೆಯ ಕೋಲಿನ ಅಂಚು ಚೆಂಡಿನ ನಡುಮಧ್ಯಕ್ಕೆ ತಾಗಿದರೆ ಹೊದಿಕೆ ಬಾಯಿ ಬಿಟ್ಟಂತೆ ಸೀಳುತ್ತಿತ್ತು. ಚೆಂಡು ಅಲ್ಲಿಗೆ ಮುಗಿಯಿತು. 1960ರ ದಶಕದಲ್ಲಿ ಡ್ಯುಪಾಂಟ್ ಕಂಪನಿಯ ಸರ್ಲಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಬಂದ ಮೇಲೆ ಸಾಮಾನ್ಯ ಆಟಗಾರನಿಗೆ ಉಸಿರು ಬಂತು. ಒಳಗೊಂದು ರಬ್ಬರ್ ಗುಂಡು, ಮೇಲೊಂದು ಸರ್ಲಿನ್ ಹೊದಿಕೆ. ಎಷ್ಟು ಬಡಿದರೂ ಸೀಳುವುದಿಲ್ಲ, ದೂರವೂ ಹೋಗುತ್ತದೆ. ಗ್ರೀನ್ ಮೇಲೆ ಮಾತ್ರ ನಿಲ್ಲದೆ ಉರುಳುತ್ತದೆ. ಮುಂದಿನ 30 ವರ್ಷ ಎರಡು ಪಂಗಡ ಸ್ಪಷ್ಟವಾಗಿತ್ತು. ಅವರದ್ದು ಅವರಿಗೆ, ನಮ್ಮದು ನಮಗೆ. ಯಾವ ಚೆಂಡು ಅಂತ ಯಾರೂ ತಲೆ ಕೆಡಿಸಿಕೊಳ್ಳುವ ಅಗತ್ಯ ಇರಲಿಲ್ಲ.

ಆ ಗೋಡೆ ಬಿದ್ದದ್ದು 2000ದಲ್ಲಿ. ಆ ಜೂನ್‌ನಲ್ಲಿ ಟೈಗರ್ ವುಡ್ಸ್ ಪೆಬಲ್ ಬೀಚ್‌ನ ಯು.ಎಸ್. ಓಪನ್ನನ್ನು 15 ಹೊಡೆತಗಳ ಅಂತರದಿಂದ ಗೆದ್ದರು. ಅವರ ಕೈಯಲ್ಲಿದ್ದ ನೈಕಿ ಚೆಂಡಿನಲ್ಲಿ ಸುತ್ತಿದ ದಾರವೇ ಇರಲಿಲ್ಲ. ಒಳಗೆ ಘನ ಗುಂಡು, ಹೊರಗೆ ಯುರೇಥೇನ್ ಅನ್ನುವ ಮೆತ್ತನೆಯ ಪ್ಲಾಸ್ಟಿಕ್ ಹೊದಿಕೆ. ಅಕ್ಟೋಬರ್‌ನಲ್ಲಿ ಟೈಟ್ಲಿಸ್ಟ್ ಕಂಪನಿಯ ಪ್ರೊ ವಿ1 ಲಾಸ್ ವೇಗಸ್ ಪಂದ್ಯದಲ್ಲಿ ಮೊದಲ ಸಲ ಬಂತು. ಹತ್ತಾರು ಆಟಗಾರರು ಅದೇ ವಾರ ಹಳೆಯ ಚೆಂಡು ಬಿಟ್ಟು ಅದನ್ನು ಹಿಡಿದರು. ಗೆದ್ದ ಬಿಲ್ಲಿ ಆ್ಯಂಡ್ರೇಡ್ ಕೂಡ ಅದರಲ್ಲೇ ಆಡಿದ್ದರು. ಈ ಚೆಂಡು ಬಲಾಟಾದಂತೆ ನಿಲ್ಲುತ್ತಿತ್ತು, ಸರ್ಲಿನ್ನಿನಂತೆ ದೂರ ಹೋಗುತ್ತಿತ್ತು, ಒಂದು ತಪ್ಪು ಏಟಿಗೆ ಸೀಳುತ್ತಲೂ ಇರಲಿಲ್ಲ. ಚಾಂಪಿಯನ್ ಆಡುವ ಚೆಂಡನ್ನು ಭಾನುವಾರದ ಆಟಗಾರನೂ ಆಡಬಹುದು ಅಂತಾಯಿತು. ಕಂಪನಿಗಳು ಇದನ್ನು ಬಿಡುತ್ತವಾ? ಜಾಹೀರಾತು ಶುರುವಾದವು, ಬೆಲೆ ಏರಿತು, ಪ್ರಶ್ನೆ ಹುಟ್ಟಿತು.

ಈಗ ಉತ್ತರದ ಕಡೆ ಬರೋಣ. ಟೀ ಅನ್ನುವ ಚಿಕ್ಕ ಗೂಟದ ಮೇಲೆ ಚೆಂಡಿಟ್ಟು, ದೂರ ಹೊಡೆಯುವ ಡ್ರೈವರ್ ಕೋಲು ಹಿಡಿದು ಬೀಸುವಾಗ ದುಬಾರಿ ಚೆಂಡಿನಿಂದ ಸಿಗುವುದು ತೀರಾ ಕಡಿಮೆ. 1976ರಿಂದ ಅಮೆರಿಕದ ಗಾಲ್ಫ್ ಸಂಘ ಚೆಂಡು ಹೋಗುವ ದೂರಕ್ಕೆ ಮಿತಿ ಹಾಕಿದೆ. ಯಂತ್ರದಿಂದ ಹೊಡೆದು ಅಳೆಯುತ್ತಾರೆ. 2004ರಿಂದ ಆ ಮಿತಿ 317 ಗಜ, ಜೊತೆಗೆ ಮೂರು ಗಜದ ವಿನಾಯಿತಿ. ಬಹುತೇಕ ಕಂಪನಿಗಳು ಆ ಗೆರೆಯ ಹತ್ತಿರ ಬಂದು ನಿಂತಿವೆ. ಹಾಗಾಗಿ ಎರಡು ಒಳ್ಳೆಯ ಚೆಂಡುಗಳ ನಡುವಿನ ಅಂತರ ಕೆಲವೇ ಗಜ. ನಮ್ಮ ಎರಡು ಹೊಡೆತಗಳ ನಡುವೆ ಅದರ ಹತ್ತು ಪಟ್ಟು ಅಂತರ ಇರುತ್ತದೆ ಅಲ್ವಾ? ಇನ್ನೊಂದು ಮಾತು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು. ಗೋವಾದ ಕಡಲ ತೀರದಲ್ಲಿ 200 ಗಜ ಹೋಗುವ ಹೊಡೆತ ಇಲ್ಲಿ ಐದಾರು ಗಜ ಮುಂದೆ ಬೀಳುತ್ತದೆ. ದುಬಾರಿ ಚೆಂಡು ಕೊಡುವಷ್ಟನ್ನು ಈ ಊರೇ ಕೊಡುತ್ತಿದೆ. ಡಿಸೆಂಬರ್ ಮುಂಜಾನೆಯ ಚಳಿ ಅದನ್ನು ವಾಪಸ್ ಕಿತ್ತುಕೊಳ್ಳುತ್ತದೆ, ತಣ್ಣಗಿನ ರಬ್ಬರ್ ಅಷ್ಟು ಪುಟಿಯುವುದಿಲ್ಲ.

ಚೆಂಡು ಬಲಕ್ಕೆ ಬಾಗುವ ಸ್ಲೈಸ್ ರೋಗಕ್ಕೂ ಚೆಂಡಿನಲ್ಲಿ ಮದ್ದು ಹುಡುಕಿದವರಿದ್ದಾರೆ. 1970ರ ದಶಕದಲ್ಲಿ ಪೊಲಾರಾ ಅನ್ನುವ ಚೆಂಡು ಬಂತು. ಗುಳಿಗಳನ್ನು ಸಮವಾಗಿ ಹರಡದೆ ಬೇರೆ ಬೇರೆ ಆಳದಲ್ಲಿ ಇಟ್ಟಿದ್ದರು. ಸರಿಯಾಗಿ ಇಟ್ಟು ಹೊಡೆದರೆ ನಿಜವಾಗಲೂ ಕಡಿಮೆ ಬಾಗುತ್ತಿತ್ತು. ಸಂಘ 1981ರಲ್ಲಿ ಚೆಂಡು ಎಲ್ಲ ದಿಕ್ಕಿನಿಂದ ಒಂದೇ ರೀತಿ ಹಾರಬೇಕು ಅಂತ ನಿಯಮ ತಂದಿತು. ವಿಷಯ ಕೋರ್ಟಿಗೆ ಹೋಯಿತು, ಸಂಘ ಹಣ ಕೊಟ್ಟು ರಾಜಿ ಮಾಡಿಕೊಂಡಿತು, ನಿಯಮ ಮಾತ್ರ ಉಳಿಯಿತು. ಅದು ಸರಿಯಾದ ನಿಯಮ. ಬೀಸುವ ತಪ್ಪನ್ನು ಚೆಂಡು ತಿದ್ದಿದರೆ ಕಲಿಯುವುದಕ್ಕೆ ಏನು ಉಳಿಯುತ್ತದೆ?

ಚೆಂಡಿನ ನಿಜವಾದ ವ್ಯತ್ಯಾಸ ಕಾಣುವುದು ಗ್ರೀನಿನಿಂದ 100 ಗಜದ ಒಳಗೆ. ವೆಡ್ಜ್‌ನಿಂದ ಒಂದೇ ರೀತಿ ಹೊಡೆದರೂ ಯುರೇಥೇನ್ ಹೊದಿಕೆಯ ಚೆಂಡು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಜಾಸ್ತಿ ತಿರುಗಬಹುದು. ಅದು ಒಂದೆರಡು ಸಲ ಪುಟಿದು ನಿಲ್ಲುತ್ತದೆ. ಸರ್ಲಿನ್ ಚೆಂಡು ಅಷ್ಟೇ ಎತ್ತರದಿಂದ ಬಿದ್ದು ಮುಂದೆ ಓಡುತ್ತದೆ. ಓಟ ಗೊತ್ತಿದ್ದರೆ ಅದರ ಲೆಕ್ಕ ಹಾಕಿ ಮೊದಲೇ ಬೀಳಿಸಬಹುದು, ಅದೂ ಒಂದು ಕಲೆಯೇ. ನಮ್ಮ ಕಡೆ ಇದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ನೆಲ ನೀರುಂಡು ಮೆತ್ತಗಿರುತ್ತದೆ. ಯಾವ ಚೆಂಡು ಬಿದ್ದರೂ ಅಲ್ಲೇ ಹೂತುಕೊಳ್ಳುತ್ತದೆ. ಹುಲ್ಲು ಎತ್ತರ ಬೆಳೆದು ಚೆಂಡು ಕಳೆಯುವುದೂ ಆಗಲೇ ಜಾಸ್ತಿ. ಆ ನಾಲ್ಕು ತಿಂಗಳು ಅಗ್ಗದ ಸರ್ಲಿನ್ ಚೆಂಡು, ಅದರಲ್ಲೂ ಕಣ್ಣಿಗೆ ಬೇಗ ಕಾಣುವ ಹಳದಿಯದು, ಸಾಕೇ ಸಾಕು. ಫೆಬ್ರುವರಿಯಿಂದ ಮೇವರೆಗೆ ನೆಲ ಬಿಗಿಯುತ್ತದೆ. ಆಗ ಯುರೇಥೇನ್ ಚೆಂಡಿಗೆ ಕೊಟ್ಟ ದುಡ್ಡಿಗೆ ಅರ್ಥ ಇದೆ. ಅದೂ ವೆಡ್ಜ್ ಅನ್ನು ಶುದ್ಧವಾಗಿ ತಾಗಿಸಲು ಬರುವವರಿಗೆ. ಚೆಂಡಿಗಿಂತ ಮೊದಲು ಮಣ್ಣಿಗೆ ಹೊಡೆಯುವವರಿಗೆ ಯಾವ ಹೊದಿಕೆಯೂ ಸ್ಪಿನ್ ಕೊಡುವುದಿಲ್ಲ.

ಮೆತ್ತಗೆ, ಗಟ್ಟಿ ಅನ್ನುವ ಕಂಪ್ರೆಷನ್ ಲೆಕ್ಕದ ಬಗ್ಗೆ ಜಾಸ್ತಿ ಚಿಂತೆ ಬೇಡ. ನಿಧಾನ ಬೀಸುವವರು ಮೆತ್ತನೆಯ ಚೆಂಡನ್ನೇ ಆಡಬೇಕು ಅನ್ನುವ ಮಾತು ಹಳೆಯದು. ಮೆತ್ತಗಿದ್ದರೆ ಕೈಗೆ ಹಿತ, ದೂರ ಮಾತ್ರ ಅದರಿಂದ ಬರುವುದಿಲ್ಲ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿ ಬೇರೆ. ನಮ್ಮ ಮೈದಾನಗಳಲ್ಲಿ ಬಹಳ ಜನರ ಚೀಲದಲ್ಲಿ ಏಳೆಂಟು ಬಗೆಯ ಚೆಂಡು ಇರುತ್ತವೆ. ಕೆಲವು ಕೊಂಡದ್ದು, ಕೆಲವು ಪೊದೆಯಲ್ಲಿ ಸಿಕ್ಕಿದ್ದು, ಕೆಲವು ಹುಡುಗರು ಹೊಂಡದಿಂದ ತೆಗೆದು ಮಾರಿದ್ದು. ಒಂದು ಹೋಲ್‌ನಲ್ಲಿ ಓಡುವ ಚೆಂಡು, ಮುಂದಿನದರಲ್ಲಿ ನಿಲ್ಲುವ ಚೆಂಡು. ಹೀಗೆ ಆಡಿದರೆ ಚಿಪ್ ಮಾಡುವ, ಅಂದರೆ ಗ್ರೀನ್ ಪಕ್ಕದಿಂದ ಮೆಲ್ಲಗೆ ಎತ್ತಿ ಹಾಕುವ, ಕೈ ಏನನ್ನು ಕಲಿತೀತು? ಗ್ರೀನ್ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವಾಗಲೂ, ಅಂದರೆ ಪಟ್ ಮಾಡುವಾಗಲೂ ಅಷ್ಟೇ, ಗಟ್ಟಿ ಚೆಂಡಿನ ಸದ್ದು ಬೇರೆ, ಮೆತ್ತನೆಯದರ ಸದ್ದು ಬೇರೆ. ನಾವು ಎಷ್ಟೋ ದೂರವನ್ನು ಆ ಸದ್ದಿನಿಂದಲೇ ಅಳೆಯುತ್ತೇವೆ. ದೊಡ್ಡ ಟೂರ್ನಿಗಳಲ್ಲಿ ಒಂದು ಸುತ್ತು ಪೂರ್ತಿ ಒಂದೇ ಮಾದರಿಯ ಚೆಂಡು ಆಡಬೇಕು ಅನ್ನುವ ನಿಯಮ ಇರುತ್ತದೆ. ನಮಗೆ ಆ ನಿಯಮ ಇಲ್ಲ, ಆದರೆ ಅದರ ಲಾಭ ಅವರಿಗಿಂತ ನಮಗೇ ಹೆಚ್ಚು. ಅಗ್ಗದ್ದೇ ಇರಲಿ, ಒಂದು ಮಾದರಿ ಆರಿಸಿ ಒಂದು ಇಡೀ ಕಾಲ ಅದರಲ್ಲೇ ಆಡಿ ನೋಡಿ. ಹೊಂಡದ ಚೆಂಡು ಕೊಳ್ಳುವುದಿದ್ದರೂ ಒಂದೇ ಮಾದರಿಯವನ್ನು ಆರಿಸಿಕೊಳ್ಳಿ. ತಿಂಗಳುಗಟ್ಟಲೆ ನೀರಲ್ಲಿದ್ದದ್ದು ಸ್ವಲ್ಪ ಕಸುವು ಕಳೆದುಕೊಂಡಿರುತ್ತದೆ, ಬಣ್ಣ ಮಾಸಿದ್ದರೆ ಬಿಟ್ಟುಬಿಡಿ.

ಬೆಲೆ ಆಟದ ಮೇಲೆ ಇನ್ನೊಂದು ರೀತಿ ಪರಿಣಾಮ ಬೀರುತ್ತದೆ. ನೀರಿನ ಮೇಲೆ ಹೊಡೆಯುವಾಗ ದುಬಾರಿ ಚೆಂಡು ಹೋಗುತ್ತದೇನೋ ಅನ್ನುವ ಹೆದರಿಕೆಗೆ ಭುಜ ಬಿಗಿಯುತ್ತದೆ. 2019ರಿಂದ ಚೆಂಡು ಹುಡುಕಲು ಮೂರೇ ನಿಮಿಷ. ಸಿಗದಿದ್ದರೆ ಒಂದು ಹೊಡೆತದ ದಂಡ ಕಟ್ಟಿ ಹಿಂದಿನ ಜಾಗಕ್ಕೇ ಹೋಗಬೇಕು. ಕಳೆದರೂ ಬೇಸರವಾಗದ ಬೆಲೆಯ ಚೆಂಡಿನಲ್ಲಿ ಕೈ ಸಡಿಲವಾಗಿ ಆಡುತ್ತದೆ.

ಮುಂದೆ ಇನ್ನೊಂದು ಬದಲಾವಣೆ ಬರಲಿದೆ. ದೊಡ್ಡ ಆಟಗಾರರು ಹೊಡೆಯುವ ದೂರ ಮೈದಾನಗಳನ್ನೇ ಚಿಕ್ಕದಾಗಿಸುತ್ತಿದೆ ಎಂದು, ಚೆಂಡಿನ ಪರೀಕ್ಷೆಯನ್ನು ಬಿಗಿ ಮಾಡುವುದಾಗಿ ಅಮೆರಿಕ ಮತ್ತು ಬ್ರಿಟನ್ನಿನ ನಿಯಮ ಸಂಸ್ಥೆಗಳು 2023ರ ಡಿಸೆಂಬರ್‌ನಲ್ಲಿ ಘೋಷಿಸಿದವು. 317 ಗಜದ ಮಿತಿ ಹಾಗೇ ಇರುತ್ತದೆ, ಯಂತ್ರ ಬೀಸುವ ವೇಗ ಗಂಟೆಗೆ 120 ಮೈಲಿಯಿಂದ 125 ಮೈಲಿಗೆ ಏರುತ್ತದೆ. ಆಗಿನ ಘೋಷಣೆಯಂತೆ ವೃತ್ತಿಪರರಿಗೆ 2028ರಿಂದ, ಉಳಿದವರಿಗೆ 2030ರಿಂದ ಜಾರಿ. ಅತಿ ದೂರ ಹೊಡೆಯುವವರು 13ರಿಂದ 15 ಗಜ ಕಳೆದುಕೊಳ್ಳಬಹುದು, ಹವ್ಯಾಸಿಗಳು ಐದು ಗಜ ಅಥವಾ ಅದಕ್ಕೂ ಕಡಿಮೆ ಎಂದು ಆ ಸಂಸ್ಥೆಗಳೇ ಅಂದಾಜು ಕೊಟ್ಟಿವೆ. ಹಳೆಯ ಚೆಂಡನ್ನು ಈಗಲೇ ಪೆಟ್ಟಿಗೆಗಟ್ಟಲೆ ಕೊಂಡಿಡುವ ಅಗತ್ಯ ಯಾರಿಗೂ ಇಲ್ಲ.