ಪರಿಣಾಮ ಮಾಪನ: ಬಿದಿರಿನ ಮನೆಯಿಂದ ಬಡವರ ಬದುಕು ಎಷ್ಟು ಬದಲಾಯಿತು?

ಒಂದು ಸಂಸ್ಥೆ ಬಡ ಕುಟುಂಬಗಳಿಗೆ ನೂರು ಬಿದಿರಿನ ಮನೆ ಕಟ್ಟಿಕೊಟ್ಟಿತು ಅಂದುಕೊಳ್ಳಿ. ವರ್ಷದ ಕೊನೆಗೆ ಅದರ ವರದಿ ಬರುತ್ತದೆ. ನೂರು ಮನೆ, ಐನೂರು ಜನಕ್ಕೆ ಸೂರು, ಇಷ್ಟು ಟನ್ ಇಂಗಾಲ ಉಳಿತಾಯ. ಮುಖಪುಟದಲ್ಲಿ ಬೀಗದ ಕೈ ಹಿಡಿದು ನಗುತ್ತಿರುವ ತಾಯಿಯ ಫೋಟೋ. ಇಷ್ಟೂ ನಿಜವೇ ಇರಬಹುದು. ಆದರೂ ಇದು ಪರಿಣಾಮ ಮಾಪನ ಆಗುವುದಿಲ್ಲ. ಇದು ಕೊಟ್ಟದ್ದರ ಲೆಕ್ಕ, ಅಷ್ಟೇ.

ಪರಿಣಾಮ ಮಾಪನ ಎಂದರೆ ಆ ಮನೆಯ ಕಾರಣದಿಂದ ಕುಟುಂಬದ ಬದುಕಿನಲ್ಲಿ ಏನು ಬದಲಾಯಿತು ಎಂದು ಅಳೆಯುವುದು. ಇಂಪ್ಯಾಕ್ಟ್ ಅಸೆಸ್‌ಮೆಂಟ್, ಪರಿಣಾಮ ಮೌಲ್ಯಮಾಪನ ಎಂಬ ಹೆಸರುಗಳನ್ನೂ ನೀವು ಕೇಳಿರಬಹುದು. ಅಳೆಯುವುದು ಸುಲಭ ಅನಿಸುತ್ತದೆ. ಮನೆ ಸಿಗುವ ಮೊದಲು ಹೇಗಿದ್ದರು, ಸಿಕ್ಕ ಮೇಲೆ ಹೇಗಿದ್ದಾರೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಆಯಿತು, ಅಲ್ವಾ?

ಆಗುವುದಿಲ್ಲ. ಆ ವರ್ಷವೇ ಬೀದಿಗೆ ನಲ್ಲಿ ನೀರು ಬಂದಿರಬಹುದು. ಮಕ್ಕಳ ಭೇದಿ ಕಡಿಮೆಯಾಗಿದ್ದು ನೀರಿನಿಂದಲೋ ಮನೆಯಿಂದಲೋ? ಕೂಲಿ ದರ ಏರಿ ಕೈಯಲ್ಲಿ ನಾಲ್ಕು ಕಾಸು ಆಡುತ್ತಿರಬಹುದು. ಅದನ್ನು ಮನೆಯ ಖಾತೆಗೆ ಬರೆದುಕೊಂಡರೆ ಲೆಕ್ಕ ಕೆಟ್ಟಿತು. ಹಾಗಾಗಿ ಅಳೆಯುವವರು ಕೇಳುವ ಪ್ರಶ್ನೆ ಬೇರೆ: ಇದೇ ಕುಟುಂಬಕ್ಕೆ ಮನೆ ಸಿಗದೇ ಹೋಗಿದ್ದರೆ ಇವತ್ತು ಹೇಗಿರುತ್ತಿತ್ತು? ಆ 'ಸಿಗದೇ ಹೋಗಿದ್ದರೆ' ಸ್ಥಿತಿಗೂ ಈಗಿನ ಸ್ಥಿತಿಗೂ ಇರುವ ಅಂತರವೇ ಪರಿಣಾಮ. ಆ ಸ್ಥಿತಿಯನ್ನು ಯಾರೂ ಕಣ್ಣಾರೆ ನೋಡಲಾರರು. ಅದಕ್ಕೇ ಹೋಲಿಕೆಗೆ ಇನ್ನೊಂದು ಗುಂಪು ಬೇಕು. ಅಷ್ಟೇ ಬಡವರು, ಅದೇ ಸೀಮೆಯವರು, ಆದರೆ ಮನೆ ಸಿಗದವರು.

ಇಂಥ ಗುಂಪು ಎಲ್ಲಿ ಸಿಗುತ್ತದೆ? ಮನೆಗಳು ನೂರು, ಅರ್ಜಿಗಳು ನಾನೂರು ಇದ್ದಾಗ ಚೀಟಿ ಎತ್ತುವುದು ಒಂದು ದಾರಿ. ಚೀಟಿ ಬಿದ್ದವರಿಗೂ ಬೀಳದವರಿಗೂ ನಡುವೆ ಅದೃಷ್ಟ ಬಿಟ್ಟರೆ ಬೇರೆ ವ್ಯತ್ಯಾಸ ಇರುವುದಿಲ್ಲ. ಇನ್ನೊಂದು ದಾರಿ, ಎಲ್ಲರಿಗೂ ಕೊಡುವುದು, ಆದರೆ ಸರದಿಯಲ್ಲಿ. ಈ ವರ್ಷ ಪಡೆದವರನ್ನು ಮುಂದಿನ ವರ್ಷದವರ ಜೊತೆ ಹೋಲಿಸುತ್ತಾರೆ. ಬಡವರ ಮೇಲೆ ಪ್ರಯೋಗ ಮಾಡ್ತೀರಾ ಎಂದು ಕೆಲವರು ಸಿಟ್ಟಾಗುತ್ತಾರೆ. ಎಲ್ಲರಿಗೂ ಸಾಲದ ವಸ್ತುವನ್ನು ಶಿಫಾರಸಿನ ಮೇಲೆ ಹಂಚುವುದಕ್ಕಿಂತ ಚೀಟಿಯೇ ವಾಸಿ ಅಂತ ನನಗನಿಸುತ್ತದೆ.

ಕೆಲವೊಮ್ಮೆ ಹೋಲಿಕೆ ತಾನಾಗಿ ಒದಗುತ್ತದೆ. ಮೆಕ್ಸಿಕೋದ ಕೊವಾವಿಲ ರಾಜ್ಯದಲ್ಲಿ 2000ದಲ್ಲಿ ಬಡವರ ಮಣ್ಣಿನ ನೆಲಕ್ಕೆ ಸಿಮೆಂಟ್ ಹಾಕಿಕೊಡುವ 'ಪೀಸೊ ಫಿರ್ಮೆ' ಯೋಜನೆ ಬಂತು. ರಾಜ್ಯದ ಗಡಿಗೆ ಅಂಟಿಕೊಂಡ ತೊರೆಯೊನ್ ನಗರಕ್ಕೆ ಅದು ಸಿಕ್ಕಿತು. ಗಡಿಯಾಚೆ, ಬೇರೆ ರಾಜ್ಯದಲ್ಲಿರುವ ಅವಳಿ ಊರುಗಳಿಗೆ ಸಿಗಲಿಲ್ಲ. ಸಂಶೋಧಕರು ಎರಡೂ ಕಡೆ ಮನೆಮನೆ ಸುತ್ತಿದರು. ಸಿಮೆಂಟ್ ನೆಲ ಬಂದ ಮನೆಗಳ ಮಕ್ಕಳಲ್ಲಿ ಜಂತುಹುಳದ ಬಾಧೆ ಶೇ 78ರಷ್ಟು, ಭೇದಿ ಶೇ 49ರಷ್ಟು ಇಳಿದಿತ್ತು. ತಾಯಂದಿರ ಮನಸ್ಸಿನ ಒತ್ತಡವೂ ತಗ್ಗಿತ್ತು. ಬರೀ ನೆಲ! ಗೋಡೆಯನ್ನೂ ಮುಟ್ಟಿರಲಿಲ್ಲ, ಚಾವಣಿಯನ್ನೂ ಮುಟ್ಟಿರಲಿಲ್ಲ. ಬಿದಿರಿನ ಮನೆಯ ವರದಿ ಓದುವಾಗ ಇದು ನೆನಪಿರಲಿ. ಮಕ್ಕಳ ಆರೋಗ್ಯ ಸುಧಾರಿಸಿದ್ದರೆ ಅದರ ಕೀರ್ತಿ ಬಿದಿರಿಗೋ, ಜೊತೆಗೆ ಬಂದ ಗಟ್ಟಿ ನೆಲಕ್ಕೋ ಎಂದು ಕೇಳಬೇಕಾಗುತ್ತದೆ.

ಯಾವಾಗ ಅಳೆಯುತ್ತೀರಿ ಎಂಬುದೂ ದೊಡ್ಡ ಸಂಗತಿ. ಲ್ಯಾಟಿನ್ ಅಮೆರಿಕದ ತೇಚೊ ಎಂಬ ಸಂಸ್ಥೆ ಎಲ್ ಸಾಲ್ವಡಾರ್, ಮೆಕ್ಸಿಕೋ, ಉರುಗ್ವೆಗಳ ಕೊಳೆಗೇರಿಗಳಲ್ಲಿ ಕಡು ಬಡವರಿಗೆ ಸಿದ್ಧ ಹಲಗೆಗಳ 18 ಚದರ ಮೀಟರಿನ ಪುಟ್ಟ ಮನೆ ನಿಲ್ಲಿಸಿ ಕೊಡುತ್ತಿತ್ತು. ಚೀಟಿ ಎತ್ತಿಯೇ ಅಳತೆ ನಡೆಯಿತು. ಮನೆ ಸಿಕ್ಕವರು ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದ ಇದ್ದರು. ಎರಡು ದೇಶಗಳಲ್ಲಿ ಮಕ್ಕಳ ಆರೋಗ್ಯವೂ ಸುಧಾರಿಸಿತ್ತು. ದುಡಿಮೆಯಲ್ಲಿ, ಮನೆಯ ಸಾಮಾನು ಸರಂಜಾಮಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಅದೇ ಮಾಹಿತಿಯನ್ನು ಮತ್ತೆ ಕೆದಕಿದಾಗ ಇನ್ನೊಂದು ವಿಷಯ ಹೊರಬಿತ್ತು. ಹೊಸ ಮನೆ ತಂದ ಆ ಹಿಗ್ಗಿನಲ್ಲಿ ಶೇ 60ರಷ್ಟು ಸರಾಸರಿ ಎಂಟು ತಿಂಗಳಲ್ಲೇ ಕರಗಿಹೋಗಿತ್ತು. ಗೃಹಪ್ರವೇಶದ ಮಾರನೇ ತಿಂಗಳು ಪ್ರಶ್ನಾವಳಿ ಹಿಡಿದು ಹೋದರೆ ಅಂಕಿಗಳು ಚೆಂದವಾಗಿಯೇ ಬರುತ್ತವೆ ಬಿಡಿ.

ಬಿದಿರಿನ ವಿಷಯದಲ್ಲಿ ಈ 'ಯಾವಾಗ' ಇನ್ನೂ ಬಿಗಿಯಾಗುತ್ತದೆ. ಫಿಲಿಪ್ಪೀನ್ಸ್‌ನ ಉದಾಹರಣೆ ನೋಡೋಣ. ಡ್ರಿಲ್ಲಿಂಗ್ ಮಷೀನಿಗೆ ಹೆಸರಾದ ಹಿಲ್ಟಿ ಕಂಪನಿಯ ಫೌಂಡೇಶನ್ ನೆರವಿನಿಂದ 2014ರಲ್ಲಿ ಅಲ್ಲಿ ಬೇಸ್ ಬಹಾಯ್ ಎಂಬ ಸಂಸ್ಥೆ ಶುರುವಾಯಿತು. ಲ್ಯಾಟಿನ್ ಅಮೆರಿಕದ ಹಳೆಯ ಬಹಾರೆಕೆ ಪದ್ಧತಿಯನ್ನು, ಅಂದರೆ ಬಿದಿರಿನ ತಟ್ಟಿಗೆ ಗಾರೆ ಮೆತ್ತಿ ಗೋಡೆ ಮಾಡುವುದನ್ನು, ಈಗಿನ ಎಂಜಿನಿಯರಿಂಗಿಗೆ ಹೊಂದಿಸಿ ಅವರು ಮನೆ ಕಟ್ಟುತ್ತಾರೆ.

ಆ ಗೋಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಿದಿರು ನೆಲಕ್ಕೆ ತಾಗುವುದೇ ಇಲ್ಲ. ಕೆಳಗೆ ಕಾಂಕ್ರೀಟಿನ ಕಟ್ಟೆ, ಅದರ ಮೇಲೆ ಬಿದಿರಿನ ಗಳಗಳ ಚೌಕಟ್ಟು. ಗಳ ಗಳ ಕೂಡುವಲ್ಲಿ ಹಗ್ಗದ ಕಟ್ಟಿಲ್ಲ, ಬೋಲ್ಟ್ ಇದೆ. ಬೋಲ್ಟ್ ಬಿಗಿದಾಗ ಗಳ ಸೀಳಿಹೋಗದಂತೆ ಎರಡು ಗೆಣ್ಣುಗಳ ನಡುವಿನ ಟೊಳ್ಳಿಗೆ ಗಾರೆ ತುಂಬುತ್ತಾರೆ. ಚೌಕಟ್ಟಿನ ಮೇಲೆ ಜಾಲರಿ, ಜಾಲರಿ ಮೇಲೆ ಸಿಮೆಂಟ್ ಗಾರೆ, ಆಮೇಲೆ ಬಣ್ಣ. ಹೊರಗೆ ನಿಂತು ನೋಡಿದವರಿಗೆ ಇದು ಬಿದಿರಿನ ಮನೆ ಎಂದು ಗೊತ್ತೇ ಆಗುವುದಿಲ್ಲ.

ಬಿದಿರಿಗೆ ಶತ್ರುಗಳು ಹಲವು. ಒಳಗಿನ ಪಿಷ್ಟದ ರುಚಿಗೆ ಕುಟ್ಟೆ ಹುಳ ಬರುತ್ತದೆ, ನೆಲದಿಂದ ಗೆದ್ದಲು ಹತ್ತುತ್ತದೆ, ನೀರು ಬಿದ್ದರೆ ಶಿಲೀಂಧ್ರ ಹಿಡಿದು ಕೊಳೆಯುತ್ತದೆ. ಹಸಿ ಬಿದಿರನ್ನು ಹಾಗೇ ನೆಲಕ್ಕೆ ಹೂತರೆ ಕೆಲವೇ ವರ್ಷ. ಅದಕ್ಕೇ ಮೂರರಿಂದ ಐದು ವರ್ಷ ಬಲಿತ ಗಳ ಆರಿಸಿ, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕದಡಿದ ನೀರಿನಲ್ಲಿ ನೆನೆಸಿ, ಒಣಗಿಸಿ ಬಳಸುತ್ತಾರೆ. ಈ ಬೋರಾನ್ ಮದ್ದಿಗೂ ಒಂದು ದೌರ್ಬಲ್ಯವಿದೆ. ಮಳೆಗೆ ತೋಯುತ್ತಿದ್ದರೆ ತೊಳೆದುಹೋಗುತ್ತದೆ. ಕಟ್ಟೆ ಎತ್ತರ ಇರಬೇಕು, ಚಾವಣಿಯ ಸೂರು ಗೋಡೆ ದಾಟಿ ಮುಂದಕ್ಕೆ ಚಾಚಿರಬೇಕು, ಗಾರೆಯಲ್ಲಿ ಬಿರುಕು ಬಿಟ್ಟರೆ ಬೇಗ ಮುಚ್ಚಬೇಕು. ಇವೆಲ್ಲ ಸರಿಯಾಗಿ ನಡೆದಿವೆಯೋ ಇಲ್ಲವೋ ಎಂದು ಮೊದಲ ವರ್ಷ ಹೇಳಲಾಗದು. ಐದನೇ, ಹತ್ತನೇ ವರ್ಷಕ್ಕೆ ಗೊತ್ತಾಗುತ್ತದೆ. ನಮ್ಮ ಅಳತೆಗಳು ಬಹುಮಟ್ಟಿಗೆ ಮೊದಲ ಎರಡು ಮೂರು ವರ್ಷಕ್ಕೇ ಮುಗಿಯುತ್ತವೆ, ಯಾಕೆಂದರೆ ಅನುದಾನ ಮುಗಿಯುವುದು ಆಗ. ಈ ಇಡೀ ವ್ಯವಹಾರದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ.

'ಕೈಗೆಟುಕುವ ಮನೆ' ಎಂಬ ಮಾತು ಕೂಡ ಇದರ ಮೇಲೆಯೇ ನಿಂತಿದೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ಬಿದಿರಿನ ಮನೆಗೆ 3 ಲಕ್ಷ, ಕಾಂಕ್ರೀಟ್ ಬ್ಲಾಕಿನ ಮನೆಗೆ 4 ಲಕ್ಷ. ಬ್ಲಾಕಿನದು 40 ವರ್ಷ ಬಾಳಿದರೆ ವರ್ಷಕ್ಕೆ 10 ಸಾವಿರ ಬಿತ್ತು. ಬಿದಿರಿನದು 30 ವರ್ಷ ಬಾಳಿದರೆ ಅದೂ 10 ಸಾವಿರವೇ. 15 ವರ್ಷಕ್ಕೇ ಕೈಕೊಟ್ಟರೆ 20 ಸಾವಿರ! ಅಗ್ಗದ ಮನೆಯೇ ದುಬಾರಿ ಆಯಿತು. ಇಂಗಾಲದ ಲೆಕ್ಕವೂ ಹಾಗೇ. ಬಿದಿರು ಬೆಳೆಯುವಾಗ ಇಂಗಾಲ ಹೀರಿಕೊಳ್ಳುತ್ತದೆ ಎಂಬುದು ಸರಿ. ಅದು ಮನೆಯಲ್ಲಿ ಎಷ್ಟು ವರ್ಷ ಉಳಿಯುತ್ತದೆ, ಗಾರೆಯ ಸಿಮೆಂಟು, ಬೋಲ್ಟಿನ ಉಕ್ಕು ಎಷ್ಟು ಎಂಬುದನ್ನೂ ಸೇರಿಸದಿದ್ದರೆ ಅದು ಅರ್ಧ ಲೆಕ್ಕ.

ಇನ್ನು ಗಾಳಿ, ಭೂಕಂಪ. ಫಿಲಿಪ್ಪೀನ್ಸ್ ಸಮುದ್ರದ ಸುತ್ತ ವರ್ಷಕ್ಕೆ ಸರಾಸರಿ 20 ಚಂಡಮಾರುತ ಹಾಯುತ್ತವೆ. 2013ರ ನವೆಂಬರಿನ ಹೈಯಾನ್ ಒಂದರಲ್ಲೇ 6 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಮನೆಯ ನಿಜವಾದ ಪರಿಣಾಮ ಬಿಸಿಲಿನ ದಿನ ಕಾಣುವುದಿಲ್ಲ. ಕೋಸ್ಟಾ ರಿಕಾದಲ್ಲಿ ಇಂಥ ಪರೀಕ್ಷೆ ಆಗಿಹೋಗಿದೆ. 1986ರಲ್ಲಿ ಅಲ್ಲಿನ ರಾಷ್ಟ್ರೀಯ ಬಿದಿರು ಯೋಜನೆ ಬಡವರಿಗೆ ಮನೆ ಕಟ್ಟಲು ಹೊರಟಿತು. 1991ರ ಏಪ್ರಿಲ್‌ನಲ್ಲಿ ಲಿಮೋನ್ ಪ್ರದೇಶದಲ್ಲಿ 7.5ಕ್ಕೂ ಹೆಚ್ಚು ತೀವ್ರತೆಯ ಭೂಕಂಪವಾಯಿತು. ಕೇಂದ್ರದ ಹತ್ತಿರವೇ ಇದ್ದ ಸುಮಾರು 20 ಬಿದಿರಿನ ಮನೆಗಳು ನಿಂತೇ ಇದ್ದವು.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ತುಮಕೂರು ರಸ್ತೆಯ ಪ್ಲೈವುಡ್ ಸಂಶೋಧನಾ ಸಂಸ್ಥೆ ಐಪಿಐಆರ್‌ಟಿಐ, ಬ್ರಿಟನ್ನಿನ ಮರಮುಟ್ಟು ಸಂಶೋಧನಾ ಸಂಸ್ಥೆ ಟ್ರಾಡಾ ಜೊತೆ ಸೇರಿ ಬಿದಿರಿನ ಮನೆಯ ಒಂದು ಪದ್ಧತಿ ರೂಪಿಸಿತು. ಪೂರ್ತಿ ಅಳತೆಯ ಮನೆಯನ್ನೇ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಸಿಪಿಆರ್‌ಐನ ಅಲುಗಾಟದ ವೇದಿಕೆ ಮೇಲೆ ನಿಲ್ಲಿಸಿ ಭೂಕಂಪದಂತೆ ಕುಲುಕಿ ನೋಡಿದರು, ಮನೆ ತಾಳಿತು. ಒಳ್ಳೆಯ ಕೆಲಸ. ಆದರೆ ಲ್ಯಾಬಿನ ಈ ಪರೀಕ್ಷೆ ಹೇಳುವುದು ಮನೆಯ ಶಕ್ತಿಯನ್ನು. ಅಂಥ ಮನೆಯಲ್ಲಿ ಇರುವವರಿಗೆ ಮಳೆಗಾಲದ ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ ಎಂದು ತಿಳಿಯಲು ಅವರನ್ನೇ ಕೇಳಬೇಕು.

ಕೇಳುವುದೂ ಒಂದು ವಿದ್ಯೆ. ಮನೆ ಕೊಟ್ಟ ಸಂಸ್ಥೆಯ ಬ್ಯಾಗು ತಗುಲಿಸಿಕೊಂಡ ಹುಡುಗ ಬಂದು "ಮನೆ ಹೇಗಿದೆ ಅಮ್ಮಾ?" ಅಂದರೆ ಯಾರು ತಾನೇ ಕೆಟ್ಟದಾಗಿ ಹೇಳುತ್ತಾರೆ? "ಚೆನ್ನಾಗಿದೆ ಕಣಪ್ಪಾ, ನಿಮ್ಮಿಂದ ಉಪಕಾರ ಆಯ್ತು." ಹಾಳೆಯಲ್ಲಿ ಐದಕ್ಕೆ ಐದು ಅಂಕ. ಅದೇ ಹುಡುಗ "ಹೋದ ಮಳೆಗಾಲದಲ್ಲಿ ರಾತ್ರಿ ಎದ್ದು ಸೋರೋ ಕಡೆ ಪಾತ್ರೆ ಇಟ್ಟಿದ್ರಾ?" ಎಂದು ಕೇಳಲಿ. "ಗೋಡೆ ರಿಪೇರಿಗೆ ಈ ವರ್ಷ ಎಷ್ಟು ಖರ್ಚಾಯ್ತು?" ಎಂದು ಕೇಳಲಿ. ಫಿಲಿಪ್ಪೀನ್ಸ್‌ನಲ್ಲಾದರೆ "ಕಳೆದ ಚಂಡಮಾರುತಕ್ಕೆ ಗಂಜಿ ಕೇಂದ್ರಕ್ಕೆ ಹೋದ್ರಾ, ಮನೆಯಲ್ಲೇ ಇದ್ರಾ?" ಉತ್ತರಕ್ಕೆ ಮುಲಾಜು ಅಡ್ಡ ಬರುವುದಿಲ್ಲ. ನೆಂಟರು ಬಂದರೆ ಎಲ್ಲಿ ಮಲಗಿಸುತ್ತೀರಿ, ಹಿಂದುಗಡೆ ಒಂದು ಕೋಣೆ ಎಳೆಯುವುದಾದರೆ ಬಿದಿರಿನಲ್ಲೇ ಕಟ್ಟುತ್ತೀರಾ ಎಂದೂ ಕೇಳಬಹುದು. ಈ ಕೊನೆಯ ಪ್ರಶ್ನೆ ನನಗೆ ತುಂಬ ಇಷ್ಟ. ಸ್ವಂತ ದುಡ್ಡು ಹಾಕುವಾಗ ಜನ ಯಾವುದನ್ನು ಆರಿಸುತ್ತಾರೋ ಅದು ನೂರು ಮೆಚ್ಚುಗೆಯ ಮಾತಿಗಿಂತ ಜಾಸ್ತಿ ಹೇಳುತ್ತದೆ.

ಯಾರನ್ನು ಕೇಳಬೇಕು ಎಂಬಲ್ಲಿಯೂ ಎಡವುವುದುಂಟು. ಅಹಮದಾಬಾದಿನ ಪ್ರಕರಣ ಬಿದಿರಿನದಲ್ಲ, ಆದರೆ ವಸತಿ ಯೋಜನೆ ಅಳೆಯುವವರೆಲ್ಲ ತಿಳಿದಿರಬೇಕಾದ್ದು. 1987ರಲ್ಲಿ ಅಲ್ಲಿನ ಬೀಡಿ ಕಟ್ಟುವ ಬಡ ಹೆಂಗಸರಿಗೆ ಚೀಟಿ ಎತ್ತಿ ಮನೆ ಹಂಚಿದರು. ಮನೆಗಳು ಚೆನ್ನಾಗಿಯೇ ಇದ್ದವು, ಆದರೆ ನಗರದ ನಡುವಿನಿಂದ ಸುಮಾರು 12 ಕಿ.ಮೀ. ಆಚೆ. ಸಂಶೋಧಕರು 14 ವರ್ಷ ಕಳೆದ ಮೇಲೆ ಚೀಟಿ ಬಿದ್ದವರನ್ನೂ ಬೀಳದವರನ್ನೂ ಹುಡುಕಿಕೊಂಡು ಹೋದರು. ಗೆದ್ದವರಲ್ಲಿ ಶೇ 34 ಜನ ಆ ಮನೆಗೆ ಹೋಗಿಯೇ ಇರಲಿಲ್ಲ. ಇನ್ನು ಶೇ 32 ಜನ ಹೋಗಿದ್ದು, ಆಮೇಲೆ ಬಿಟ್ಟು ಬಂದಿದ್ದರು. ಕುಟುಂಬದ ಆದಾಯವೂ ಬದಲಾಗಿರಲಿಲ್ಲ, ಮಕ್ಕಳ ಸ್ಥಿತಿಯೂ ಬದಲಾಗಿರಲಿಲ್ಲ. ಹಳೆಯ ಕೇರಿಯ ನೆಂಟಸ್ತಿಕೆ, ಕಷ್ಟಕ್ಕೆ ಆಗಿಬರುವ ಅಕ್ಕಪಕ್ಕದವರು ಮಾತ್ರ ದೂರವಾಗಿದ್ದರು. ಸುಮ್ನೆ ಆ ಬಡಾವಣೆಗೆ ಹೋಗಿ ಈಗ ಅಲ್ಲಿರುವವರನ್ನಷ್ಟೇ ಮಾತಾಡಿಸಿ ಬಂದಿದ್ದರೆ ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ. ಬಿಟ್ಟುಹೋದವರ ಹೆಸರು ಪಟ್ಟಿಯಲ್ಲಿ ಉಳಿಯದಿದ್ದರೆ ಅಳತೆಯ ಫಲ ತಾನಾಗಿಯೇ ಚೆಂದ ಕಾಣುತ್ತದೆ. ಹಾಗಾಗಿ ಬಿದಿರಿನ ಬಡಾವಣೆಯ ಅಳತೆಯಲ್ಲೂ ಬೀಗ ಹಾಕಿದ ಮನೆ, ಬಾಡಿಗೆಗೆ ಕೊಟ್ಟ ಮನೆ, ಮಾರಿದ ಮನೆ ಎಲ್ಲಕ್ಕೂ ಲೆಕ್ಕ ಇರಬೇಕು.

ಕೊನೆಗೆ ನಮ್ಮ ದೇಶದ ಒಂದು ಪೇಚು. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಗೋಡೆ ಯಾವುದರದ್ದು ಎಂಬ ಪ್ರಶ್ನೆಗೆ ಬಿದಿರು ಬರುವುದು ಹುಲ್ಲು, ಗರಿಗಳ ಜೊತೆ, ಒಂದೇ ಸಾಲಿನಲ್ಲಿ. ಅಂದರೆ ಕಚ್ಚಾ ಮನೆಯ ಲೆಕ್ಕದಲ್ಲಿ. ಹರಕು ತಟ್ಟಿಯ ಗುಡಿಸಲಿಗೂ, ಮದ್ದು ಕುಡಿಸಿ ಬೋಲ್ಟ್ ಹಾಕಿ ಕಟ್ಟಿದ ಮನೆಗೂ ಗೆರೆ ಒಂದೇ. ಬಿದಿರಿನ ಕಟ್ಟಡಗಳ ವಿನ್ಯಾಸಕ್ಕೆ ಐಎಸ್ 15912 ಎಂಬ ಭಾರತೀಯ ಮಾನಕವೇ ಇದ್ದು, 2018ರಲ್ಲಿ ಪರಿಷ್ಕಾರವೂ ಆಗಿದೆ. ಆದರೂ ಗುಡಿಸಲಿನಿಂದ ಇಂಥ ಮನೆಗೆ ಹೋದ ಕುಟುಂಬ ಆ ಕಾಗದದ ಮೇಲೆ ಇದ್ದಲ್ಲೇ ಇರುತ್ತದೆ. ಗಾರೆ ಮೆತ್ತಿ ಬಣ್ಣ ಬಳಿದದ್ದರಿಂದ ಎಣಿಸುವವನ ಕಣ್ಣಿಗೆ ಬಿದಿರು ಬೀಳದೇ ಹೋದರೆ ಮಾತ್ರ ಪಕ್ಕಾ ಆಗಬಹುದು! ಕ್ಷೇತ್ರಕ್ಕೆ ಹೋಗುವವರು ಇದಕ್ಕೆ ಮಾಡಿಕೊಳ್ಳಬಹುದಾದ ಉಪಾಯ ಸರಳ. ಗೋಡೆ ಯಾವುದರದ್ದು ಎಂದು ಕೇಳಿ ನಿಲ್ಲಿಸದೆ, ಕಟ್ಟೆ ಎಷ್ಟು ಎತ್ತರ, ಗಳಕ್ಕೆ ಮದ್ದು ಆಗಿದೆಯೇ, ಬುಡದಲ್ಲಿ ಕುಟ್ಟೆಯ ಹುಡಿ ಉದುರಿದೆಯೇ ಎಂದು ಬಗ್ಗಿ ನೋಡಿ ಬರೆದುಕೊಳ್ಳುವುದು.