ಪಂಚಾಯ್ತಿ ಕಟ್ಟೆಯಿಂದ ಪಾತ್ರೆ ಪಗಡದವರೆಗೆ: ‘ಥಿಂಗ್’ ಪದದ ಹಿನ್ನೆಲೆ

ಡೇನಿಷ್ ಭಾಷೆಯಲ್ಲಿ ‘ಎನ್ ಟಿಂಗ್’ ಅಂದರೆ ಒಂದು ವಸ್ತು, ‘ಎಟ್ ಟಿಂಗ್’ ಅಂದರೆ ಒಂದು ಸಭೆ. ಪದ ಒಂದೇ, ವ್ಯಾಕರಣದ ಲಿಂಗ ಮಾತ್ರ ಬೇರೆ. ಆ ದೇಶದ ಸಂಸತ್ತಿನ ಹೆಸರು ಫೋಲ್ಕೆಟಿಂಗ್, ನಾರ್ವೆಯದು ಸ್ಟೋರ್ಟಿಂಗ್, ಐಸ್‌ಲ್ಯಾಂಡಿನದು ಆಲ್‌ಥಿಂಗಿ. ಹೆಸರು ನಾಲಗೆಗೆ ಬಾರದ ಯಾವುದಕ್ಕಾದರೂ ಇಂಗ್ಲಿಷಿನವರು ಅಂಟಿಸುವ ‘ಥಿಂಗ್’ ಕೂಡ ಇದೇ ಪದ.

ಉಚ್ಚಾರಣೆಯ ವ್ಯತ್ಯಾಸಕ್ಕೆ ಕಟ್ಟುನಿಟ್ಟಾದ ನಿಯಮವಿದೆ. ಸಂಸ್ಕೃತದ ‘ತ್ರಿ’ ಇಂಗ್ಲಿಷಿನಲ್ಲಿ ‘ಥ್ರೀ’, ಜರ್ಮನ್‌ನಲ್ಲಿ ‘ದ್ರೈ’, ಡೇನಿಷ್‌ನಲ್ಲಿ ‘ತ್ರೆ’. ಅದೇ ಹಾದಿಯಲ್ಲಿ ಥಿಂಗ್, ಡಿಂಗ್, ಟಿಂಗ್. ಇವು ಒಂದರಿಂದೊಂದು ಸಾಲ ಪಡೆದ ರೂಪಗಳಲ್ಲ, ಒಂದೇ ಮನೆಯ ಮಕ್ಕಳು. ಇದೇ ನಿಯಮ ಹಿಡಿದು ಹಿಂದಕ್ಕೆ ಹೋದರೆ ಇದೇ ಬಳಗದ ಹಳೆಯ ಗಾಥಿಕ್ ಭಾಷೆಯ ‘ಥೀಹ್ಸ್’ ಸಿಗುತ್ತದೆ. ಅದರ ಅರ್ಥ ‘ಕಾಲ’. ಹಾಗಾಗಿ ಹೆಚ್ಚಿನ ನಿಘಂಟುಗಳು ಕೊಡುವ ಕ್ರಮ ಹೀಗಿದೆ: ಮೊದಲು ಗೊತ್ತುಪಡಿಸಿದ ಹೊತ್ತು, ಆಮೇಲೆ ಆ ಹೊತ್ತಿಗೆ ಸೇರುವ ಸಭೆ, ಅಲ್ಲಿ ಬರುವ ವ್ಯಾಜ್ಯ, ಆಮೇಲೆ ಯಾವುದೇ ವಿಷಯ, ಕೊನೆಗೆ ಯಾವುದೇ ವಸ್ತು.

ಇದು ಕನ್ನಡಿಗರಿಗೆ ವಿಚಿತ್ರ ಅನ್ನಿಸಬೇಕಿಲ್ಲ. ‘ಪಂಚಾಯ್ತಿ’ ಅಂದರೆ ಊರ ಹಿರಿಯರ ಕೂಟ. ಆದರೆ ‘ಇದೊಳ್ಳೆ ಪಂಚಾಯ್ತಿ ಆಯ್ತಲ್ಲ’ ಅನ್ನುವಾಗ ಯಾವ ಹಿರಿಯರೂ ಇಲ್ಲ, ತಲೆನೋವಿನ ವಿಷಯವಷ್ಟೇ ಇದೆ. ನಮ್ಮ ಪದ ಅಲ್ಲಿಗೆ ನಿಂತಿತು. ಅವರದ್ದು ಇನ್ನೆರಡು ಮೆಟ್ಟಿಲು ಇಳಿಯಿತು.

ಪದ ಇನ್ನೂ ಸಭೆಯಲ್ಲೇ ಕೂತಿದ್ದಾಗಿನ ಒಂದು ವಾಕ್ಯ ಇಂಗ್ಲೆಂಡಿನಲ್ಲಿ ಉಳಿದಿದೆ. ಏಳನೆಯ ಶತಮಾನದ ಕೊನೆಯ ಭಾಗದಲ್ಲಿ ಕೆಂಟ್ ರಾಜ್ಯ ಆಳಿದ ಹ್ಲೋಥೆರೆ ಮತ್ತು ಈಡ್ರಿಚ್ ಅವರ ಕಾನೂನಿನ ಒಂದು ವಿಧಿ ಅದು. ಒಬ್ಬನು ಇನ್ನೊಬ್ಬನ ಮೇಲೆ ‘ಸಾಕೆ’ ಹೂಡಿ, ‘ಮೆಥೆಲ್’ ಎಂಬ ಕೂಟದಲ್ಲೋ ‘ಥಿಂಗ್’ನಲ್ಲೋ ಅವನಿಗೆ ಎದುರಾದರೆ, ಆರೋಪಿ ಜಾಮೀನು ಕೊಡಬೇಕು. ಕೊಡದಿದ್ದರೆ ರಾಜನಿಗೆ 12 ಶಿಲ್ಲಿಂಗ್ ದಂಡ. ಇಲ್ಲಿನ ‘ಸಾಕೆ’ಯ ಅರ್ಥ ವ್ಯಾಜ್ಯ. ಅದರ ಬಳಗದ ಜರ್ಮನ್ ಪದ ‘ಝಾಖೆ’ ಇಂದು ವಿಷಯ, ಸಾಮಾನು ಎಂಬ ಅರ್ಥಕ್ಕೆ ಬಂದಿದೆ. ಅಂದರೆ ಒಂದೇ ವಾಕ್ಯದ ಎರಡು ಪದಗಳು ಬೇರೆ ಬೇರೆ ಭಾಷೆಗಳಲ್ಲಿ ಬಾಳಿ, ಇಬ್ಬರೂ ಒಂದೇ ಕಡೆ ಬಂದು ತಲುಪಿದ್ದಾರೆ. ಲ್ಯಾಟಿನ್‌ನ ‘ಕೌಸಾ’ ಕೂಡ ದಾವೆಯೇ. ಇಟಲಿಯವರ ಬಾಯಲ್ಲಿ ಅದು ‘ಕೋಸಾ’, ವಸ್ತು. ನಮ್ಮ ‘ವ್ಯವಹಾರ’ ಬೇರೆ ದಿಕ್ಕಿಗೆ ಹೊರಳಿತು. ಕಲ್ಯಾಣದ ವಿಜ್ಞಾನೇಶ್ವರ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ವ್ಯವಹಾರಾಧ್ಯಾಯವೆಂದರೆ ನ್ಯಾಯಾಲಯದ ಅಧ್ಯಾಯ. ಇಂದು ವ್ಯವಹಾರ ಅಂದರೆ ಕೊಡು-ಕೊಳ್ಳುವಿಕೆ.

ಹಳೆಯ ಇಂಗ್ಲಿಷ್ ಕಾವ್ಯದ ವೀರ ಬಿಯೋವುಲ್ಫ್ ರಾಕ್ಷಸ ಗ್ರೆಂಡೆಲ್‌ನ ಜೊತೆ ತಾನೊಬ್ಬನೇ ‘ಥಿಂಗ್’ ನಡೆಸುವೆ ಅನ್ನುತ್ತಾನೆ. ಮುಖಾಮುಖಿ ಪಂಚಾಯ್ತಿ ಮಾಡಿ ಮುಗಿಸುತ್ತೇನೆ ಅಂದ ಹಾಗೆ. ಆ ವೇಳೆಗೆ ಪದ ಸಡಿಲಗೊಂಡಿತ್ತು. ಸಭೆಗೆ ಇಂಗ್ಲಿಷಿನವರ ಬಳಿ ‘ಗೆಮೋಟ್’ ಎಂಬ ಇನ್ನೊಂದು ಪದ ಚಲಾವಣೆಯಲ್ಲಿದ್ದದ್ದೇ ಇದಕ್ಕೆ ದೊಡ್ಡ ಕಾರಣ ಎಂದು ನನ್ನ ಎಣಿಕೆ. ಒಂದು ಕೆಲಸಕ್ಕೆ ಇಬ್ಬರಿದ್ದರೆ ಒಬ್ಬ ಖಾಲಿ ಕೂರುತ್ತಾನೆ.

ಜರ್ಮನ್ ನೆಲದಲ್ಲಿ ಕಥೆ ಬೇರೆ. ಅಲ್ಲಿ ‘ಡಿಂಗ್’ಗೆ ಹಾಜರಾಗುವುದು ಸ್ವತಂತ್ರ ಪ್ರಜೆಯ ಕಡ್ಡಾಯ ಕರ್ತವ್ಯ, ತಪ್ಪಿದರೆ ದಂಡ. ಬಡ ರೈತನಿಗೆ ಹೊಲದ ಕೆಲಸ ಬಿಟ್ಟು ಮೇಲಿಂದ ಮೇಲೆ ಓಡಾಡುವುದು ಆಗದ ಮಾತು. ಫ್ರಾಂಕರ ದೊರೆ ಷಾರ್ಲಮೇನ್ ಈ ಹೊರೆಯನ್ನು ವರ್ಷಕ್ಕೆ ಮೂರು ಸಭೆಗಳಿಗೆ ಇಳಿಸಿ, ಉಳಿದ ದಿನಗಳ ತೀರ್ಪಿಗೆ ಕಾಯಂ ಪಂಚರನ್ನು ನೇಮಿಸಿದ. ಬರಬರುತ್ತಾ ಜನರೆಲ್ಲ ಸೇರುವ ಡಿಂಗ್ ಮಾಯವಾದರೂ ಅದರ ಚೂರುಗಳು ಭಾಷೆಯಲ್ಲಿ ಉಳಿದವು. ಜರ್ಮನ್‌ನಲ್ಲಿ ಒಬ್ಬನನ್ನು ‘ಡಿಂಗ್‌ಫೆಸ್ಟ್’ ಮಾಡುವುದೆಂದರೆ ಬಂಧಿಸುವುದು. ‘ಬೆಡಿಂಗುಂಗ್’ ಅಂದರೆ ಷರತ್ತು. ಡಚ್ಚರ ‘ಗೆಡಿಂಗ್’ ಇವತ್ತಿಗೂ ಕೋರ್ಟಿನ ಮೊಕದ್ದಮೆ. ‘ಅಫ್‌ಡಿಂಗೆನ್’ ಅಂದರೆ ಬೆಲೆ ಇಳಿಸಲು ಚೌಕಾಸಿ ಮಾಡುವುದು.

ಐಸ್‌ಲ್ಯಾಂಡಿನಲ್ಲಿ ಸಂಸ್ಥೆಯೇ ಗಟ್ಟಿಯಾಗಿ ನಿಂತಿತು. 930ರಲ್ಲಿ ಥಿಂಗ್‌ವೆಟ್ಲಿರ್ ಬಯಲಿನಲ್ಲಿ ಶುರುವಾದ ಆಲ್‌ಥಿಂಗಿ ಬೇಸಿಗೆಯಲ್ಲಿ ಸುಮಾರು ಎರಡು ವಾರ ನಡೆಯುತ್ತಿತ್ತು. ಕಾನೂನು ಬರಹದಲ್ಲಿರಲಿಲ್ಲ. ‘ಕಾನೂನು ಹೇಳುವವ’ ಎಂಬ ಅಧಿಕಾರಿ ವರ್ಷಕ್ಕೆ ಮೂರನೇ ಒಂದು ಪಾಲಿನಂತೆ ಮೂರು ವರ್ಷದಲ್ಲಿ ಅಷ್ಟನ್ನೂ ಬಾಯಿಪಾಠ ಒಪ್ಪಿಸಬೇಕಿತ್ತು. ಕಾನೂನನ್ನು ಬರೆದಿಡಲು ಕೈಹಾಕಿದ್ದು 1117ರ ಚಳಿಗಾಲದಲ್ಲಿ. ಸಭೆಗೆ ಹೋಗುವ ರೈತರ ಖರ್ಚಿಗೆ, ಮನೆಯಲ್ಲಿ ಉಳಿದವರು ಒಂದು ಶುಲ್ಕ ಕೊಡುತ್ತಿದ್ದರು. ಅದರ ಹೆಸರು ‘ಥಿಂಗ್‌ಫಾರರ್‌ಕೊಯ್ಪ್’, ಥಿಂಗ್ ಪ್ರಯಾಣದ ಭತ್ಯೆ. ಇಂದಿನ ಐಸ್‌ಲ್ಯಾಂಡಿನ ಸಂಸದರ ಸಂಬಳಕ್ಕೂ ಕಾನೂನಿನಲ್ಲಿ ಅದೇ ಹೆಸರು. ಆದರೆ ಆಲ್‌ಥಿಂಗಿ ಬಿಡುವಿಲ್ಲದೆ ನಡೆಯಿತು ಅನ್ನುವಂತಿಲ್ಲ: 1800ರಲ್ಲಿ ರದ್ದಾಗಿ, 1845ರಲ್ಲಿ ರೇಕ್ಯಾವಿಕ್‌ನಲ್ಲಿ ಮತ್ತೆ ಸೇರಿತು.

‘ಥಿಂಗ್ ನಡೆಯುವ ಬಯಲು’ ಎಂಬ ಅದೇ ಸ್ಥಳನಾಮವನ್ನು ವೈಕಿಂಗರು ಹೋದಲ್ಲೆಲ್ಲ ಬಿಟ್ಟು ಬಂದರು. ಸ್ಕಾಟ್ಲೆಂಡಿನ ಡಿಂಗ್‌ವಾಲ್, ಶೆಟ್‌ಲ್ಯಾಂಡಿನ ಟಿಂಗ್‌ವಾಲ್, ಐಲ್ ಆಫ್ ಮ್ಯಾನ್‌ನ ಟಿನ್‌ವಾಲ್ಡ್ ಎಲ್ಲವೂ ಅದೇ. ಟಿನ್‌ವಾಲ್ಡ್ ಇಂದಿಗೂ ಶಾಸನಸಭೆ. ಅದು ಜುಲೈ 5ರಂದು ನಾಲ್ಕು ಹಂತದ ದಿಬ್ಬದ ಮೇಲೆ ಸೇರಿ, ಹೊಸ ಕಾನೂನುಗಳನ್ನು ಇಂಗ್ಲಿಷಿನಲ್ಲೂ ಆ ದ್ವೀಪದ ಮ್ಯಾಂಕ್ಸ್ ಭಾಷೆಯಲ್ಲೂ ಸಾರುತ್ತದೆ. ಅಂಗೀಕಾರವಾಗಿ 18 ತಿಂಗಳೊಳಗೆ ಹಾಗೆ ಸಾರದ ಕಾನೂನು ಬಿದ್ದುಹೋಗುತ್ತದೆ. ಡೆನ್ಮಾರ್ಕಿನಲ್ಲಿ ಆಸ್ತಿ ನೋಂದಣಿಯ ಹೆಸರು ‘ಟಿಂಗ್‌ಲ್ಯೂಸ್ನಿಂಗ್’, ಥಿಂಗ್‌ನಲ್ಲಿ ಸಾರುವುದು. ಹಿಂದೆ ಪತ್ರವನ್ನು ಸಭೆಯಲ್ಲಿ ಗಟ್ಟಿಯಾಗಿ ಓದದೆ ಮಾರಾಟ ಊರ್ಜಿತವಾಗುತ್ತಿರಲಿಲ್ಲ. 2009ರಿಂದ ಅದು ಕಂಪ್ಯೂಟರಿನಲ್ಲೇ ಮುಗಿಯುತ್ತದೆ.

ಇಂಗ್ಲಿಷಿಗೆ ಈ ಪದ ಇನ್ನೊಮ್ಮೆ ಹಿತ್ತಲ ಬಾಗಿಲಿನಿಂದಲೂ ಬಂತು. ವೈಕಿಂಗರ ನಾರ್ಸ್ ಭಾಷೆಯ ‘ಹೂಸ್‌ಥಿಂಗ್’ ಅಂದರೆ ಒಡೆಯ ತನ್ನ ಮನೆಯವರನ್ನು ಸೇರಿಸುವ ಸಭೆ. ಅದು ಲಂಡನ್ನಿನ ಒಂದು ನ್ಯಾಯಾಲಯದ ಹೆಸರಾಯಿತು, ಮುಂದೆ ಚುನಾವಣಾ ಅಭ್ಯರ್ಥಿಗಳು ನಿಂತು ಮಾತಾಡುವ ಕಟ್ಟೆಯ ಹೆಸರಾಯಿತು. ಚುನಾವಣಾ ಸುದ್ದಿಗಳಲ್ಲಿ ಕಾಣುವ ‘ಹಸ್ಟಿಂಗ್ಸ್’ ಅದೇ.

ಈ ಪದದ ಬೆನ್ನು ಹತ್ತಿದವರು ಎಡವುವ ಜಾಗ ಎರಡು. ‘ಥಿಂಕ್’ ಮತ್ತು ‘ಥಿಂಗ್’ ನೆಂಟರಲ್ಲ, ಬೇರು ಬೇರೆ. ಜರ್ಮನ್ನರ ಮಂಗಳವಾರ ‘ದೀನ್ಸ್‌ಟಾಗ್’ ಸೇವೆ ಎಂಬರ್ಥದ ‘ದೀನ್ಸ್ಟ್’ನಿಂದ ಬಂದದ್ದೂ ಅಲ್ಲ. ಉತ್ತರ ಜರ್ಮನಿಯ ಹಳೆಯ ರೂಪ ‘ಡಿಂಗೆಸ್‌ಡಾಖ್’. 1883ರಲ್ಲಿ ಉತ್ತರ ಇಂಗ್ಲೆಂಡಿನ ಹೇಡ್ರಿಯನ್ ಗೋಡೆಯ ಬಳಿ, ಹೌಸ್‌ಸ್ಟೆಡ್ಸ್ ಕೋಟೆಯ ಪಕ್ಕದಲ್ಲಿ, ರೋಮನ್ ಸೇನೆಯಲ್ಲಿದ್ದ ಜರ್ಮಾನಿಕ್ ಸೈನಿಕರು ನೆಟ್ಟ ಮೂರನೆಯ ಶತಮಾನದ ಶಾಸನಗಳು ಸಿಕ್ಕವು. ಹರಕೆ ‘ಮಾರ್ಸ್ ಥಿಂಗ್ಸುಸ್’ ದೇವರಿಗೆ, ಅಂದರೆ ಥಿಂಗ್ ಕಾಯುವ ಮಾರ್ಸ್‌ಗೆ. ರೋಮನ್ನರ ವಾರದಲ್ಲಿ ಈ ದಿನ ಮಾರ್ಸ್‌ಗೆ, ಅಂದರೆ ಮಂಗಳ ಗ್ರಹಕ್ಕೆ, ಸೇರಿದ್ದು. ನಮ್ಮ ಪಂಚಾಂಗದಲ್ಲೂ ಅದೇ ಗ್ರಹಕ್ಕೆ ಅದೇ ದಿನ: ಮಂಗಳವಾರ.